ಯುದ್ಧ ಒಂದು ತಿಂಗಳು, ತುರ್ತು ಪರಿಸ್ಥಿತಿ ಐದು ವರ್ಷ

1962ರ ಅಕ್ಟೋಬರ್ 20ರಂದು ಚೀನಾದ ಸೇನೆ ಲಡಾಖ್‌ನಲ್ಲೂ ನೇಫಾದಲ್ಲೂ (ಇಂದಿನ ಅರುಣಾಚಲ ಪ್ರದೇಶ) ಏಕಕಾಲಕ್ಕೆ ದಾಳಿ ಮಾಡಿತು. ಆರು ದಿನಕ್ಕೆ, ಅಂದರೆ ಅಕ್ಟೋಬರ್ 26ರಂದು, ರಾಷ್ಟ್ರಪತಿ ರಾಧಾಕೃಷ್ಣನ್ ಸಂವಿಧಾನದ 352ನೇ ವಿಧಿಯಡಿ ತುರ್ತು ಪರಿಸ್ಥಿತಿ ಘೋಷಿಸಿದರು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನ ವಿರಾಮ ಸಾರಿತು. ತುರ್ತು ಪರಿಸ್ಥಿತಿಯ ಘೋಷಣೆ ರದ್ದಾದದ್ದು ಯಾವಾಗ ಗೊತ್ತೇ? 1968ರ ಜನವರಿ 10ರಂದು. ಗುಂಡಿನ ಸದ್ದು ನಿಂತು ಐದು ವರ್ಷ ದಾಟಿದ ಮೇಲೆ.

ತುರ್ತು ಪರಿಸ್ಥಿತಿ ಎಂದರೆ ನಮ್ಮೆಲ್ಲರಿಗೂ ನೆನಪಾಗುವುದು 1975. ಅದು ಸಹಜ. ಆದರೆ ಕಾನೂನಿನ ಕಡತಗಳನ್ನು ತೆರೆದು ನೋಡಿದರೆ, ಆಗ ಬಳಕೆಯಾದ ಸಲಕರಣೆಗಳಲ್ಲಿ ಹೆಚ್ಚಿನವನ್ನು 1962ರಲ್ಲೇ, ನಿಜವಾದ ಯುದ್ಧದ ನಡುವೆ, ಬಹುತೇಕ ಎಲ್ಲರ ಒಪ್ಪಿಗೆಯೊಂದಿಗೆ ಸಿದ್ಧಪಡಿಸಲಾಗಿತ್ತು. ಹಾಗಾಗಿ ಭಯ ಕಾನೂನಾಗುವ ಬಗೆಯನ್ನು ತಿಳಿಯಲು 1962ರಿಂದಲೇ ಹೊರಡುವುದು ಒಳ್ಳೆಯದು. ಆಗಿನ ಭಯ ಸುಳ್ಳಾಗಿರಲಿಲ್ಲ. ನೇಫಾದ ಬೊಮ್ಡಿಲಾ ಬಿದ್ದ ಸುದ್ದಿ ಕೇಳಿ ಅಸ್ಸಾಂನ ತೇಜಪುರದ ಜನ ಊರು ಖಾಲಿ ಮಾಡಿದ್ದರು. ಸರ್ಕಾರಗಳು ಭಯವನ್ನು ಹುಟ್ಟಿಸಬೇಕೆಂದೇನೂ ಇಲ್ಲ. ತಾನಾಗಿ ಹುಟ್ಟಿದ ಭಯವನ್ನು ಅವಧಿ ಮೀರಿ ಉಳಿಸಿಕೊಂಡರೂ ಸಾಕು.

ಕ್ರಮ ಹೀಗಿತ್ತು. ಮೊದಲ ಹೆಜ್ಜೆ ಘೋಷಣೆ. ಅದು ಹೊರಬಿದ್ದ ಕ್ಷಣವೇ 358ನೇ ವಿಧಿ ಕೆಲಸ ಶುರುಮಾಡುತ್ತದೆ: 19ನೇ ವಿಧಿಯಲ್ಲಿರುವ ಮಾತು, ಸಭೆ, ಸಂಘಟನೆ, ಸಂಚಾರ, ಕಸುಬಿನ ಸ್ವಾತಂತ್ರ್ಯಗಳು ಸರ್ಕಾರದ ಕೈ ಕಟ್ಟುವುದಿಲ್ಲ. ಇದಕ್ಕೆ ಬೇರೆ ಆದೇಶವೇ ಬೇಡ. ಎರಡನೆಯದು, ಅದೇ ದಿನ ಹೊರಬಂದ ಭಾರತ ರಕ್ಷಣಾ ಸುಗ್ರೀವಾಜ್ಞೆ. ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ಮೂರನೆಯದು, ನವೆಂಬರ್ 3ರಂದು 359ನೇ ವಿಧಿಯಡಿ ಹೊರಟ ರಾಷ್ಟ್ರಪತಿ ಆದೇಶ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ, ಬಂಧನದ ವಿರುದ್ಧ ರಕ್ಷಣೆ ಕೊಡುವ 22ನೇ ವಿಧಿ, ಇವುಗಳ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವುದನ್ನೇ ಅದು ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ಸಮಾನತೆಯ 14ನೇ ವಿಧಿಯೂ ಆ ಪಟ್ಟಿಗೆ ಸೇರಿತು. ನಾಲ್ಕನೆಯದು, ನವೆಂಬರ್ 5ರ ಭಾರತ ರಕ್ಷಣಾ ನಿಯಮಗಳು. ಜನರ ಬಾಯಲ್ಲಿ ಇದು ಡಿಐಆರ್. ಇದರ 30ನೇ ನಿಯಮದ ಪ್ರಕಾರ, ಒಬ್ಬ ವ್ಯಕ್ತಿ ದೇಶದ ರಕ್ಷಣೆಗೆ, ಸಾರ್ವಜನಿಕ ಸುರಕ್ಷತೆಗೆ ಅಥವಾ ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ತರಬಹುದೆಂದು ಸರ್ಕಾರಕ್ಕೆ 'ಮನದಟ್ಟಾದರೆ' ವಿಚಾರಣೆಯಿಲ್ಲದೆ ಬಂಧಿಸಬಹುದು. ಈ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೂ ವಹಿಸಿಕೊಡಬಹುದು.

ಹೀಗೆ ಗಡಿಯ ಯುದ್ಧ ಹದಿನಾರು ದಿನದೊಳಗೆ ಜಿಲ್ಲಾ ಕಚೇರಿಯ ಮೇಜಿನ ಮೇಲೆ ಬಂದು ಕೂತಿತು. ಅಲ್ಲಿ ಕೂತದ್ದನ್ನು ಎಬ್ಬಿಸುವುದು ಎಷ್ಟು ಕಷ್ಟ ಎಂಬುದನ್ನು ಮುಂದಿನ ಐದು ವರ್ಷ ತೋರಿಸಿದವು.

ಮೊದಲು ಸಿಕ್ಕಿಬಿದ್ದವರು ಚೀನಾ ಮೂಲದ ಭಾರತೀಯರು. ಆ ವರ್ಷವೇ ವಿದೇಶಿಯರ ಕಾನೂನಿಗೆ ತಂದ ಬದಲಾವಣೆಯ ಪ್ರಕಾರ, ಭಾರತದ ಮೇಲೆ ಆಕ್ರಮಣ ಮಾಡಿದ ದೇಶಕ್ಕೆ ತಾನಾಗಲಿ, ತಂದೆತಾಯಿಯಲ್ಲಿ ಒಬ್ಬರಾಗಲಿ, ಅಜ್ಜ-ಅಜ್ಜಿಯರಲ್ಲಿ ಯಾರಾದರೊಬ್ಬರಾಗಲಿ ಎಂದಾದರೂ ಪ್ರಜೆಯಾಗಿದ್ದರೆ ಸಾಕು, ಆ ವ್ಯಕ್ತಿಯನ್ನು ವಿದೇಶಿಯಂತೆ ನಡೆಸಿಕೊಳ್ಳಬಹುದಿತ್ತು. ಆತ ಏನು ಮಾಡಿದ ಎಂಬ ಪ್ರಶ್ನೆಯೇ ಅಲ್ಲಿಲ್ಲ, ಯಾರ ಮೊಮ್ಮಗ ಎಂಬುದಷ್ಟೇ ಲೆಕ್ಕ. ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆಯ ಸುಮಾರು 3,000 ಮಂದಿಯನ್ನು, ಮಕ್ಕಳು ಮುದುಕರೆನ್ನದೆ, ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಲಾಯಿತು. ಯುದ್ಧ ಮುಗಿದ ಮೇಲೂ ಕೆಲವರು ಅಲ್ಲಿ ವರ್ಷಗಟ್ಟಲೆ ಉಳಿದರು. ಬಿಡುಗಡೆಯಾಗಿ ಬಂದವರಲ್ಲಿ ಅನೇಕರಿಗೆ ಮನೆಯೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ.

ಎರಡನೆಯ ಸರದಿ ಕಮ್ಯುನಿಸ್ಟರದು. 1962ರ ನವೆಂಬರ್‌ನಲ್ಲೇ ಬಂಧನಗಳು ಶುರುವಾದವು. 1964ರ ಕೊನೆಯಲ್ಲಿ, ಚೀನಾ ಗಡಿಯಲ್ಲಿ ಯುದ್ಧವೇ ಇಲ್ಲದಾಗ, ಹೊಸದಾಗಿ ಹುಟ್ಟಿದ ಮಾರ್ಕ್ಸ್‌ವಾದಿ ಪಕ್ಷದ ಮುಖಂಡರನ್ನು ದೇಶದಾದ್ಯಂತ ಅದೇ ನಿಯಮದಡಿ ಒಳಗೆ ಹಾಕಲಾಯಿತು. 1965ರ ಮಾರ್ಚ್‌ನ ಕೇರಳ ಚುನಾವಣೆಯನ್ನು ಆ ಪಕ್ಷ ಜೈಲಿನಿಂದಲೇ ಎದುರಿಸಿತು. 133 ಸ್ಥಾನಗಳಲ್ಲಿ 40 ಗೆದ್ದು ಅತಿ ದೊಡ್ಡ ಪಕ್ಷವೂ ಆಯಿತು.

ಇನ್ನೊಂದು ಬಳಕೆಯನ್ನು ಹೆಚ್ಚಿನವರು ಮರೆತಿದ್ದಾರೆ. ಅದು ಚಿನ್ನ. 1963ರ ಜನವರಿಯಲ್ಲಿ ಡಿಐಆರ್‌ಗೆ ಹೊಸ ಭಾಗವೊಂದನ್ನು ಸೇರಿಸಿ, 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಒಡವೆ ಮಾಡುವುದನ್ನು ನಿಷೇಧಿಸಲಾಯಿತು. ವಿದೇಶಿ ವಿನಿಮಯ ಉಳಿಸಲು, ಕಳ್ಳಸಾಗಣೆ ತಡೆಯಲು ಇದು ಬೇಕೆಂಬುದು ಸರ್ಕಾರದ ವಾದ. ಇರಬಹುದು. ಆದರೆ 22 ಕ್ಯಾರೆಟ್‌ನ ತಾಳಿ ಮಾಡುತ್ತಿದ್ದ ಅಕ್ಕಸಾಲಿಗನ ಕುಲುಮೆ ಆರಿದ್ದು ದೇಶದ ರಕ್ಷಣೆಯ ಹೆಸರಿನಲ್ಲಿ. ಸಾಮಾನ್ಯ ಕಾಲದಲ್ಲಿ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಚರ್ಚೆಯಾಗಬೇಕಿದ್ದ ಆರ್ಥಿಕ ನೀತಿಯೊಂದು ರಾಜ್ಯಪತ್ರದ ಅಧಿಸೂಚನೆಯಲ್ಲಿ ಮುಗಿದುಹೋಯಿತು. ತುರ್ತು ಅಧಿಕಾರ ಹರಡುವುದು ಹೀಗೆಯೇ. ಇರುವ ಸಲಕರಣೆಯಲ್ಲಿ ಬೇಗ ಕೆಲಸ ಆಗುತ್ತದೆಂದರೆ ಇಲಾಖೆಗಳು ಬೇರೆ ದಾರಿ ಹುಡುಕುವುದಿಲ್ಲ.

ಇಷ್ಟಾದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಇಲ್ಲಿ ಓದುಗರು ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಇಡೀ ಕಥೆಯ ಕೀಲು ಒಂದು ವಾಕ್ಯಖಂಡದಲ್ಲಿದೆ. 1962ರ ನವೆಂಬರ್ 3ರ ಆದೇಶ ಕೋರ್ಟಿನ ದಾರಿಯನ್ನು ಎಲ್ಲರಿಗೂ ಮುಚ್ಚಲಿಲ್ಲ. ಒಬ್ಬನ ಹಕ್ಕು ಹೋದದ್ದು ಭಾರತ ರಕ್ಷಣಾ ಸುಗ್ರೀವಾಜ್ಞೆ ಅಥವಾ ಅದರಡಿಯ ನಿಯಮ, ಆದೇಶಗಳ ಪ್ರಕಾರವೇ ಆಗಿದ್ದರೆ ಮಾತ್ರ ಆ ತಡೆ ಅನ್ವಯ ಎಂದು ಅದರಲ್ಲೇ ಬರೆದಿತ್ತು. ಅಂದರೆ, ಅಧಿಕಾರಿ ನಿಯಮ ಮೀರಿದ್ದರೆ ಬಂಧಿತ ಕೋರ್ಟಿಗೆ ಬರಬಹುದು. 1963ರ ಮಖನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧಿತರಿಗೆ ದೊಡ್ಡ ಪರಿಹಾರವನ್ನೇನೂ ಕೊಡಲಿಲ್ಲ. ಆದರೆ ಬಂಧನದ ಹಿಂದೆ ದುರುದ್ದೇಶವಿದ್ದರೆ, ಆದೇಶ ಕಾಯ್ದೆಯ ಚೌಕಟ್ಟಿನ ಹೊರಗಿದ್ದರೆ ಪ್ರಶ್ನಿಸಬಹುದು ಎಂಬ ಕಿಂಡಿಯನ್ನು ತೆರೆದೇ ಇಟ್ಟಿತು.

ಆ ಕಿಂಡಿಯಿಂದ ಹೊರಬಂದವರು ರಾಮಮನೋಹರ ಲೋಹಿಯಾ. 1965ರ ಆಗಸ್ಟ್‌ನಲ್ಲಿ ಪಾಟ್ನಾದ ಜಿಲ್ಲಾ ಮ್ಯಾಜಿಸ್ಟ್ರೇಟ್ ಅವರನ್ನು ಬಂಧಿಸಲು ಹೊರಡಿಸಿದ ಆದೇಶದಲ್ಲಿ 'ಕಾನೂನು ಮತ್ತು ಸುವ್ಯವಸ್ಥೆ' ಎಂಬ ಪದಗಳಿದ್ದವು. 30ನೇ ನಿಯಮದಲ್ಲಿದ್ದದ್ದು 'ಸಾರ್ವಜನಿಕ ಸುವ್ಯವಸ್ಥೆ'. ಎರಡೂ ಒಂದೇ ತಾನೆ ಎಂದು ಕೇಳಬಹುದು. ಅಲ್ಲ ಎಂದರು ನ್ಯಾಯಮೂರ್ತಿ ಹಿದಾಯತುಲ್ಲಾ. ಒಂದರೊಳಗೊಂದು ಮೂರು ವೃತ್ತಗಳನ್ನು ಕಲ್ಪಿಸಿಕೊಳ್ಳಿ: ಹೊರಗಿನ ದೊಡ್ಡದು ಕಾನೂನು ಮತ್ತು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಎಲ್ಲಕ್ಕಿಂತ ಒಳಗಿನ ಚಿಕ್ಕದು ರಾಷ್ಟ್ರದ ಭದ್ರತೆ. ಬೀದಿಯಲ್ಲಿ ಇಬ್ಬರು ಹೊಡೆದಾಡಿದರೆ ಕಾನೂನು ಮುರಿದಂತಾಯಿತು, ಆದರೆ ಊರಿನ ನೆಮ್ಮದಿ ಕೆಡಬೇಕೆಂದಿಲ್ಲ, ದೇಶಕ್ಕೆ ಅಪಾಯವಂತೂ ಆಗಲಿಲ್ಲ. ಹೊರ ವೃತ್ತದ ಕಾರಣ ಕೊಟ್ಟು ಒಳ ವೃತ್ತದ ಅಧಿಕಾರ ಬಳಸಲಾಗದು. ಕೋರ್ಟ್ 4:1ರಲ್ಲಿ ಲೋಹಿಯಾರನ್ನು ಬಿಡುಗಡೆ ಮಾಡಿತು. ತೀರ್ಪಿನ ದಿನಾಂಕ ನೋಡಿ: 1965ರ ಸೆಪ್ಟೆಂಬರ್ 7. ಹಿಂದಿನ ದಿನವಷ್ಟೇ ನಮ್ಮ ಸೇನೆ ಲಾಹೋರ್ ಕಡೆ ಅಂತಾರಾಷ್ಟ್ರೀಯ ಗಡಿ ದಾಟಿತ್ತು. ಯುದ್ಧದ ನಡುವೆ ಕೋರ್ಟುಗಳು ಸುಮ್ಮನಿರಲೇಬೇಕು ಎನ್ನುವವರಿಗೆ ಈ ದಿನಾಂಕವೇ ಉತ್ತರ.

ಆ ವಾರವೇ ಇನ್ನೊಂದು ತೀರ್ಪು ಬಂತು. ಮುಂಬಯಿಯ ಜೈಲಿನಲ್ಲಿದ್ದ ಬಂಧಿತರೊಬ್ಬರು ಪರಮಾಣು ವಿಜ್ಞಾನದ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದು, ಪ್ರಕಟಣೆಗಾಗಿ ಹೆಂಡತಿಗೆ ಕಳಿಸಲು ಅನುಮತಿ ಕೇಳಿದ್ದರು. ಸರ್ಕಾರ ಕೊಡಲಿಲ್ಲ. ಆ ಹಸ್ತಪ್ರತಿಯಲ್ಲಿ ದೇಶದ ರಕ್ಷಣೆಗೆ ಧಕ್ಕೆ ತರುವುದು ಏನೂ ಇದೆಯೆಂದು ಯಾರೂ ಹೇಳಲಿಲ್ಲ. ಹಾಗೆ ಕಳಿಸುವ ಹಕ್ಕು ಬಂಧಿತರಿಗಿಲ್ಲ ಎಂದಷ್ಟೇ ವಾದ. ಬಂಧನದ ನಿಯಮಗಳಲ್ಲಿ ಅಂಥ ನಿಷೇಧವೇ ಇಲ್ಲ, ಇಲ್ಲದ ನಿಷೇಧವನ್ನು ಹೇರಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿಯೂ ನೆರವಿಗೆ ಬಂದದ್ದು ಅದೇ ಷರತ್ತು.

ಆ ಷರತ್ತನ್ನು ಸರ್ಕಾರವೂ ಮರೆಯಲಿಲ್ಲ.

1971ರ ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ದಾಳಿ ಮಾಡಿದವು. ಅಂದೇ ಎರಡನೆಯ ಘೋಷಣೆ. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ. ಹದಿಮೂರು ದಿನದ ಯುದ್ಧಕ್ಕೆ ಹೊರಡಿಸಿದ ಘೋಷಣೆ 1977ರ ಮಾರ್ಚ್ 27ರವರೆಗೆ ಜಾರಿಯಲ್ಲಿತ್ತು. 1974ರ ನವೆಂಬರ್‌ನಲ್ಲಿ ಅದನ್ನು ಕಳ್ಳಸಾಗಣೆದಾರರ ವಿರುದ್ಧ ತಿರುಗಿಸಲಾಯಿತು. ಮೀಸಾದಡಿ, ಅಂದರೆ ಆಂತರಿಕ ಭದ್ರತಾ ಕಾಯ್ದೆಯಡಿ, ಬಂಧಿಸಿದ ಅಂಥವರು ಕೋರ್ಟಿಗೆ ಹೋಗದಂತೆ 359ನೇ ವಿಧಿಯ ಆದೇಶ ಹೊರಟಿತು. ಜನ ಆಕ್ಷೇಪಿಸಲಿಲ್ಲ. ಕಳ್ಳಸಾಗಣೆದಾರರ ಪರ ಯಾರು ನಿಲ್ಲುತ್ತಾರೆ? ತುರ್ತು ಅಧಿಕಾರವನ್ನು ಮೊದಲು ಪ್ರಯೋಗಿಸುವುದು ಯಾರ ಕನಿಕರವೂ ಇಲ್ಲದವರ ಮೇಲೆ. ದೇವಳಿಯಲ್ಲೂ ಆಗಿದ್ದು ಅದೇ.

1975ರ ಜೂನ್ 25ರ ರಾತ್ರಿ 'ಆಂತರಿಕ ಕ್ಷೋಭೆ'ಯ ಹೆಸರಿನಲ್ಲಿ ಮೂರನೆಯ ಘೋಷಣೆ ಹೊರಟಾಗ, ಎರಡನೆಯದು ಇನ್ನೂ ಜೀವಂತವಾಗಿತ್ತು. ಅಂದರೆ 358ನೇ ವಿಧಿಯ ಪ್ರಕಾರ 19ನೇ ವಿಧಿಯ ರಕ್ಷಣೆ ಮೂರೂವರೆ ವರ್ಷದಿಂದಲೇ ತೂಗುಗತ್ತಿಯ ಕೆಳಗಿತ್ತು. ನಿಜವಾದ ಹೊಸ ಹೊಡೆತ ಬಿದ್ದದ್ದು ಜೂನ್ 27ರ ಆದೇಶದಲ್ಲಿ. 14, 21, 22ನೇ ವಿಧಿಗಳಿಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನು ತಡೆಹಿಡಿದ ಆ ಆದೇಶದಲ್ಲಿ 1962ರ ಷರತ್ತು ಇರಲಿಲ್ಲ. 'ಇಂಥ ಕಾಯ್ದೆಯ ಪ್ರಕಾರ ಬಂಧಿತರಾದವರಿಗೆ ಮಾತ್ರ' ಎಂಬ ಆ ಒಂದು ತುಂಡು ಮಾಯವಾಗಿತ್ತು. ಎರಡು ದಿನಕ್ಕೆ ಮೀಸಾಕ್ಕೆ 16ಎ ಸೆಕ್ಷನ್ ಸೇರಿತು. ಬಂಧನಕ್ಕೆ ಕಾರಣ ತಿಳಿಸುವ ಅಗತ್ಯವೂ ಉಳಿಯಲಿಲ್ಲ.

ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ಲೆಕ್ಕದಂತೆ ಮೀಸಾದಡಿ 34,988 ಮಂದಿ, ಡಿಐಆರ್‌ನ ಮುಂದುವರಿದ ರೂಪದಡಿ 75,818 ಮಂದಿ ಬಂಧಿತರಾದರು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಇಲ್ಲೇ ಹಿಡಿಯಲಾಯಿತು. ನಟಿ ಸ್ನೇಹಲತಾ ರೆಡ್ಡಿ 1976ರ ಮೇಯಿಂದ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. ತೀವ್ರ ಅಸ್ತಮಾದಿಂದ ನರಳುತ್ತಿದ್ದ ಅವರನ್ನು ಪೆರೋಲ್ ಮೇಲೆ ಬಿಟ್ಟದ್ದು 1977ರ ಜನವರಿ 15ಕ್ಕೆ. ಜನವರಿ 20ರಂದು ತೀರಿಕೊಂಡರು.

ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸುವ ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕೇಳಬಹುದೆಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ರ ಜಬಲ್ಪುರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 4:1ರಿಂದ ಅದನ್ನೆಲ್ಲ ತಳ್ಳಿಹಾಕಿತು. ಮಖನ್ ಸಿಂಗ್ ಪ್ರಕರಣದ ಕಿಂಡಿ ಏನಾಯಿತು ಎಂಬ ಪ್ರಶ್ನೆಗೆ ಬಹುಮತದ ಉತ್ತರ: 1962ರ ಆದೇಶದಲ್ಲಿ ಷರತ್ತಿತ್ತು, 1975ರದ್ದರಲ್ಲಿ ಇಲ್ಲ. ಆದೇಶವನ್ನು ಬರೆದವರು ತೆಗೆದುಹಾಕಿದ ತುಂಡಿನ ಬೆಲೆ ಇದು. ಭಿನ್ನ ತೀರ್ಪು ಕೊಟ್ಟ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಆ ತೀರ್ಪನ್ನು ಸ್ಪಷ್ಟ ಮಾತಿನಲ್ಲಿ ತಪ್ಪೆಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಬೇಕಾಯಿತು.

1978ರ 44ನೇ ತಿದ್ದುಪಡಿ ಇದರಲ್ಲಿ ಬಹಳಷ್ಟನ್ನು ರಿಪೇರಿ ಮಾಡಿದೆ. ಮುಂಚೆ ಸಂಸತ್ತು ಒಮ್ಮೆ ಒಪ್ಪಿದರೆ ಘೋಷಣೆಗೆ ಕೊನೆಯ ದಿನವೇ ಇರುತ್ತಿರಲಿಲ್ಲ. ಈಗ ಆರಾರು ತಿಂಗಳಿಗೆ ಎರಡೂ ಸದನ ವಿಶೇಷ ಬಹುಮತದಿಂದ ಮತ್ತೆ ಒಪ್ಪಬೇಕು. ಲೋಕಸಭೆಯ ಹತ್ತನೇ ಒಂದರಷ್ಟು ಸದಸ್ಯರು ನೋಟಿಸ್ ಕೊಟ್ಟರೆ, ರದ್ದತಿಯ ಪ್ರಶ್ನೆಗೆಂದೇ 14 ದಿನದೊಳಗೆ ಸಭೆ ಕರೆಯಬೇಕು. ಸಂಪುಟದ ನಿರ್ಧಾರ ಲಿಖಿತವಾಗಿರಬೇಕು. 20 ಮತ್ತು 21ನೇ ವಿಧಿಗಳನ್ನು ಯಾವ ತುರ್ತಿನಲ್ಲೂ ತಡೆಹಿಡಿಯುವಂತಿಲ್ಲ. ಇದೆಲ್ಲ ದೊಡ್ಡ ಗಳಿಕೆ.

ಆದರೆ ಘೋಷಣೆ ಮಾಡುವುದು ಕಷ್ಟವಾದ ಮೇಲೆ ಅದೇ ಕೆಲಸ ಸಾಮಾನ್ಯ ಕಾಯ್ದೆಗಳೊಳಕ್ಕೆ ಸರಿದಿದೆ. ಭಯದ ನಡುವೆ ಹುಟ್ಟುವ ಯಾವುದೇ ಮಸೂದೆ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಕೊನೆಯ ದಿನಾಂಕ. 1985ರ ಭಯೋತ್ಪಾದನೆ ತಡೆ ಕಾಯ್ದೆ ಟಾಡಾಕ್ಕೆ ಎರಡು ವರ್ಷದ ಗಡುವಿತ್ತು. ಮತ್ತೆ ಮತ್ತೆ ವಿಸ್ತರಣೆಯಾದರೂ ಪ್ರತಿ ಸಲ ಸಂಸತ್ತಿಗೆ ಬರಲೇಬೇಕಿದ್ದರಿಂದ 1995ರಲ್ಲಿ ಅದು ಕೊನೆಯಾಯಿತು. 2002ರ ಇನ್ನೊಂದು ಭಯೋತ್ಪಾದನೆ ತಡೆ ಕಾಯ್ದೆ ಪೋಟಾಕ್ಕೆ ಮೂರು ವರ್ಷದ ಗಡುವಿತ್ತು. ಅದು ಮುಗಿಯುವ ಮೊದಲೇ, 2004ರಲ್ಲಿ, ರದ್ದಾಯಿತು. ಆಗ ಅದರ ಭಯೋತ್ಪಾದನೆಯ ಸೆಕ್ಷನ್‌ಗಳು ಅಕ್ರಮ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಒಳಗೆ ಸೇರಿದವು. ಯುಎಪಿಎಗೆ ಗಡುವಿಲ್ಲ. ಮುಂಬಯಿ ದಾಳಿಯ ಬೆನ್ನಲ್ಲೇ, 2008ರ ಡಿಸೆಂಬರ್‌ನಲ್ಲಿ, ಅದಕ್ಕೆ ಸೇರಿದ 43ಡಿ ಸೆಕ್ಷನ್ ಆರೋಪಪಟ್ಟಿಗೆ 180 ದಿನದವರೆಗೆ ಅವಕಾಶ ಕೊಡುತ್ತದೆ. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನು ಕೊಡಬಾರದು ಎನ್ನುತ್ತದೆ. ಹದಿನೇಳು ವರ್ಷ ಕಳೆದರೂ ಅದನ್ನು ಮುಂದುವರಿಸಬೇಕೇ ಎಂದು ಸಂಸತ್ತು ಮತ ಹಾಕಬೇಕಾದ ದಿನವೊಂದು ಬಂದಿಲ್ಲ, ಬರುವುದೂ ಇಲ್ಲ.

ಎರಡನೆಯದಾಗಿ ನೋಡಬೇಕಾದದ್ದು ಯಾರ ಮನದಟ್ಟು, ಅದನ್ನು ಯಾರು ಪರಿಶೀಲಿಸುತ್ತಾರೆ ಎಂಬುದು. ಮೂರನೆಯದು, ವ್ಯಾಖ್ಯೆಯ ಸೆಕ್ಷನ್: ಗಡಿಯ ಶತ್ರುವಿಗೆಂದು ಬರೆದ ಪದ ಅಕ್ಕಸಾಲಿಗನಿಗೂ ತಗಲುತ್ತದೆಯೇ? ನಾಲ್ಕನೆಯದು ಜಾರಿಯ ದಿನಾಂಕ, ಇದನ್ನು ವಕೀಲರೂ ಮರೆಯುತ್ತಾರೆ. 44ನೇ ತಿದ್ದುಪಡಿಯ 3ನೇ ಸೆಕ್ಷನ್ 22ನೇ ವಿಧಿಯನ್ನು ಬದಲಿಸಿ, ಬಂಧನವನ್ನು ಪರಿಶೀಲಿಸುವ ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಮುಂಜಾಗ್ರತಾ ಬಂಧನದಲ್ಲಿಡುವ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುತ್ತದೆ. ಸಂಸತ್ತು ಅದನ್ನು ಅಂಗೀಕರಿಸಿಯಾಗಿದೆ. ಅದು ಜಾರಿಗೆ ಬರಲು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಬೇಕು. ಜನತಾ ಸರ್ಕಾರದಿಂದ ಹಿಡಿದು ಇಂದಿನವರೆಗೆ, ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದ್ದವರೇ ಪ್ರಧಾನಿಗಳಾದಾಗಲೂ, ಯಾವ ಸರ್ಕಾರವೂ ಅದನ್ನು ಹೊರಡಿಸಿಲ್ಲ.