ಹಸುವಿನ ಗಿಣ್ಣು, ಬಾಣಂತಿಯ ಗಿಣ್ಣು

ಹಸು ಕರು ಹಾಕಿತೆಂದರೆ ನಮ್ಮ ಮನೆಯಲ್ಲಿ ಮೊದಲು ಏಳುತ್ತಿದ್ದ ಮಾತು, ಗಿಣ್ಣು ಯಾರ್‍ಯಾರ ಮನೆಗೆ ಕಳಿಸಬೇಕು ಎಂಬುದು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಸಾಕು. ಹೆಪ್ಪು ಬೇಡ, ನಿಂಬೆಹಣ್ಣು ಬೇಡ, ತಾನಾಗಿಯೇ ಗಟ್ಟಿಯಾಗುತ್ತದೆ. ಮೊದಲ ಸಲ ಕರೆದದ್ದಂತೂ ಎಷ್ಟು ಮಂದವೆಂದರೆ, ಅಜ್ಜಿ ಅದಕ್ಕೆ ಮಾಮೂಲಿ ಹಾಲು ಬೆರೆಸುತ್ತಿದ್ದರು, ಇಲ್ಲದಿದ್ದರೆ ರಬ್ಬರಿನಂತಾಗುತ್ತಿತ್ತು. ವಾರ ಕಳೆದ ಮೇಲಿನ ಹಾಲನ್ನು ಎಷ್ಟು ಬೇಯಿಸಿದರೂ ಗಿಣ್ಣಾಗದು.

ಗಟ್ಟಿಯಾಗಿಸುವುದು ಅದರಲ್ಲಿರುವ ಪ್ರೋಟೀನು. ಅದರಲ್ಲೂ ದೊಡ್ಡ ಪಾಲು ಪ್ರತಿಕಾಯಗಳದ್ದು, ಅಂದರೆ ರೋಗಾಣುಗಳನ್ನು ಹಿಡಿದು ಕಟ್ಟಿಹಾಕುವ ಕಣಗಳದ್ದು. ಬಿಸಿ ತಾಗಿದರೆ ಇವು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತವೆ. ಕರುವಿಗೆಂದು ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ನಾವು ತುಂಡು ಮಾಡಿ ತಟ್ಟೆಗೆ ಹಾಕಿಕೊಂಡಿರುತ್ತೇವೆ, ಅಷ್ಟೆ.

ಅದೇ ಮನೆಯಲ್ಲಿ ಬಾಣಂತಿಯೊಬ್ಬಳಿದ್ದರೆ ಮಾತು ತಿರುಗಿಬಿಡುತ್ತಿತ್ತು. ‘ಹಳದಿ ಹಾಲು, ಮಗುವಿಗೆ ಆಗೋದಿಲ್ಲ, ಹಿಂಡಿ ಚೆಲ್ಲು.’ ಬಿಳಿ ಹಾಲು ಇಳಿಯುವವರೆಗೆ ಮಗುವಿನ ನಾಲಿಗೆಗೆ ಜೇನುತುಪ್ಪವೋ ಸಕ್ಕರೆ ನೀರೋ. ಹಸುವಿನ ಗಿಣ್ಣಿಗೆ ಕೊಟ್ಟ ಮರ್ಯಾದೆ ಹೆಂಗಸಿನ ಗಿಣ್ಣಿಗೆ ಸಿಗಲಿಲ್ಲ. (ಜೇನುತುಪ್ಪದಲ್ಲಿ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ವರ್ಷ ತುಂಬದ ಮಗುವಿಗೆ ಅದನ್ನು ನೆಕ್ಕಿಸಲೇಬಾರದು.)

ಎರಡೂ ಗಿಣ್ಣು ಹಾಲೇ ಆದರೂ ಕೆಲಸ ಬೇರೆ ಬೇರೆ. ಹಸುವಿನ ಗರ್ಭದಲ್ಲಿ ಮಾಸು (ಪ್ಲಾಸೆಂಟಾ) ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಹಾಗಾಗಿ ಕರು ಬರಿಗೈಯಲ್ಲಿ ಹುಟ್ಟುತ್ತದೆ. ಮೊದಲ ಒಂದು ದಿನ ಮಾತ್ರ ಅದರ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಬಾಗಿಲು ಮುಚ್ಚುತ್ತದೆ. ನಮ್ಮ ಕೂಸು ಹಾಗಲ್ಲ. ರಕ್ತಕ್ಕೆ ಬೇಕಾದ ಪ್ರತಿಕಾಯಗಳು ಮಾಸಿನ ಮೂಲಕ ಹೊಟ್ಟೆಯೊಳಗಿರುವಾಗಲೇ ಬಂದಿರುತ್ತವೆ. ಬಾಣಂತಿಯ ಹಳದಿ ಹಾಲಿನಲ್ಲಿ ಮುಖ್ಯವಾಗಿ ಇರುವುದು ಐಜಿಎ ಎಂಬ ಇನ್ನೊಂದು ಬಗೆ. ಅದು ರಕ್ತಕ್ಕಿಳಿಯದೆ ಗಂಟಲು, ಕರುಳಿನ ಒಳಗೋಡೆಯಲ್ಲೇ ಕಾವಲು ನಿಲ್ಲುತ್ತದೆ. ಇನ್ನೊಂದು ಸೋಜಿಗವೆಂದರೆ, ತಾಯಿಯ ಕರುಳಿನಲ್ಲಿ ರೋಗಾಣುವಿನ ಗುರುತು ಹಿಡಿದ ರಕ್ಷಕ ಕೋಶಗಳು ಅಲ್ಲಿಂದ ಎದೆಗೆ ಬಂದು ನೆಲೆಸುತ್ತವೆ. ಆ ಮನೆಯ ನೀರು, ಆ ಬೀದಿಯ ಧೂಳು ಯಾವ ರೋಗಾಣುವನ್ನು ತಂದವೋ ಅದಕ್ಕೇ ಎದುರಾದ ಪ್ರತಿಕಾಯ ಹಾಲಿಗೆ ಸೇರುತ್ತದೆ. ಯಾವ ಡಬ್ಬಿಯ ಪುಡಿಗೆ ಇದು ಸಾಧ್ಯ?

ಎದೆಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಸಕ್ಕರೆಗಳೂ ಇವೆ, ಅದೂ ನೂರಕ್ಕೂ ಹೆಚ್ಚು ಬಗೆ. ಅವು ಕೂಸಿಗಲ್ಲ, ಕೂಸಿನ ಕರುಳಿನಲ್ಲಿ ಬೀಡುಬಿಡುವ ಬಿಫಿಡೋಬ್ಯಾಕ್ಟೀರಿಯಾಗಳಿಗೆ. ಒಳ್ಳೆಯ ನೆಂಟರಿಗೆ ಊಟ ಹಾಕಿದರೆ ಕೆಟ್ಟವರಿಗೆ ಜಾಗ ಸಿಗುವುದಿಲ್ಲ. ಬ್ರೆಜಿಲ್‌ನ ಸೀಸರ್ ವಿಕ್ಟೋರಾ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಹಾಲು ಮಾತ್ರ ಕುಡಿದ ಕೂಸುಗಳಿಗಿಂತ ಎದೆಹಾಲೇ ಸಿಗದ ಕೂಸುಗಳು ಭೇದಿಯಿಂದ ಸಾಯುವ ಅಪಾಯ ಸುಮಾರು 14 ಪಟ್ಟು ಹೆಚ್ಚಿತ್ತು.

ತಾಯಿಯ ಲೆಕ್ಕವೂ ಇದೆ. ಕರು ಕೆಚ್ಚಲು ಗುದ್ದಿದಾಗ ಹಸು ಸೊರೆ ಬಿಡುತ್ತದಲ್ಲ, ಅದನ್ನು ಮಾಡಿಸುವ ಆಕ್ಸಿಟೋಸಿನ್ ಹಾರ್ಮೋನೇ ಹೆಂಗಸಿನಲ್ಲಿ ಗರ್ಭಕೋಶವನ್ನೂ ಹಿಂಡಿ ಕುಗ್ಗಿಸುತ್ತದೆ. ಹಾಲೂಡಿಸುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದು, ಎರಡನೇ ಹೆರಿಗೆಯಲ್ಲಿ ಆ ನೋವು ಇನ್ನೂ ಜೋರಾಗುವುದು ಇದಕ್ಕೇ. ರಕ್ತಸ್ರಾವವೂ ಇದರಿಂದಲೇ ಹತೋಟಿಗೆ ಬರುತ್ತದೆ. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇ. 4.3ರಷ್ಟು ಇಳಿದಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಲೆಕ್ಕ ವಿಚಿತ್ರವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಶೇ. 41.8 ಮಾತ್ರ. ಅಂದಮೇಲೆ ತಪ್ಪೆಲ್ಲ ಅಜ್ಜಿಯರ ಮೇಲೆ ಹೊರಿಸುವಂತಿಲ್ಲ. ಸಿಸೇರಿಯನ್ ಆದ ತಾಯಿ ಒಂದು ಕೋಣೆಯಲ್ಲಿ, ಕೂಸು ಇನ್ನೊಂದರಲ್ಲಿ. ನಡುವೆ ಆ ಗಂಟೆ ಕಳೆದುಹೋಗಿರುತ್ತದೆ. ಹಾಲು ಸಾಲಲಿಲ್ಲ ಎಂದು ಅಳುವ ಬಾಣಂತಿಗೆ ಬೈಯುವುದಂತೂ ಶುದ್ಧ ಅನ್ಯಾಯ. ಅವಳ ಪಕ್ಕ ಕೂತು, ಮಗುವನ್ನು ಎದೆಗೆ ಸರಿಯಾಗಿ ಹಚ್ಚಿಸಿ ತೋರಿಸುವವರು ಬೇಕು.

ಎದೆ ಚೀಪಲು ಬಾರದ ಕೂಸಿಗೆ ತಾಯಿಯ ಹಾಲನ್ನು ಕೈಯಿಂದ ಹಿಂಡಿ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಕುಡಿಸಬಹುದು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಆ ಪುಟ್ಟ ಬೆಳ್ಳಿ ಒಳಲೆಯಂಥದನ್ನೇ ಈಗ ನವಜಾತ ಶಿಶುಗಳ ವಾರ್ಡುಗಳಲ್ಲೂ ಬಳಸುತ್ತಾರೆ. ಹಿಂಡಿದ ಹಾಲು ಅದರ ತಳ ಮುಚ್ಚುವಷ್ಟೂ ಇಲ್ಲ ಎಂದು ಗಾಬರಿಯಾಗಬೇಡಿ, ಮೊದಲ ದಿನ ಬರುವುದೇ ಕೆಲವು ಚಮಚ. ಕೂಸಿನ ಹೊಟ್ಟೆಯೂ ಆಗ ಅಷ್ಟೇ ಚಿಕ್ಕದು.