ಕೆಲಸ ಮುಗಿದ ಮೇಲೆ ಪುಟ ಬದಲಾಗಲಿ

ಕಾಫಿ ತೋಟಗಳ ಲೆಕ್ಕಪತ್ರಕ್ಕೆಂದು ರೂಪಿಸುವ ವೆಬ್ ಅಪ್ಲಿಕೇಶನ್‌ಗಳಲ್ಲಿ ‘ವಾರ್ಷಿಕ ವರದಿ’ ಎಂಬ ಬಟನ್ ಇದ್ದೇ ಇರುತ್ತದೆ. ಅದನ್ನು ಒತ್ತಿದೊಡನೆ ಸರ್ವರ್ ಇಡೀ ವರ್ಷದ ಕೊಯ್ಲು, ಕಾರ್ಮಿಕರ ಕೂಲಿ, ಇಂಚು–ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮಳೆ ಇವೆಲ್ಲವನ್ನೂ ಒಟ್ಟುಗೂಡಿಸಿ ಪಿಡಿಎಫ್ ಸಿದ್ಧಪಡಿಸಬೇಕು. ಇದಕ್ಕೆ ಒಂದೆರಡು ನಿಮಿಷ ಹಿಡಿಯುವುದು ಸಹಜ. ಆದರೆ ಬ್ರೌಸರ್ ಮತ್ತು ಅಪ್ಲಿಕೇಶನ್ ನಡುವೆ ಕೋರಿಕೆಗಳನ್ನು ದಾಟಿಸುವ ಎಂಜಿನ್‌ಎಕ್ಸ್ (nginx) ಸರ್ವರ್ ಇದ್ದು, ಅದು ಕಾಯುವ ಅವಧಿಯನ್ನು ಯಾರೂ ಬದಲಿಸಿರದಿದ್ದರೆ, 60 ಸೆಕೆಂಡು ಉತ್ತರ ಬಾರದಿದ್ದಾಗ ಅದು 504 ದೋಷವನ್ನು, ಅಂದರೆ ‘ಸಮಯ ಮೀರಿತು’ ಎಂಬುದನ್ನು, ತೋರಿಸಿಬಿಡುತ್ತದೆ. ಆದ್ದರಿಂದ ಇಂಥ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ಗೆ (ಸರ್ವರಿನ ಪ್ರೋಗ್ರಾಮಿನೊಳಗೇ ಬೇರೆಯಾಗಿ ಓಡುವ ಕೆಲಸದ ಎಳೆಗೆ) ಒಪ್ಪಿಸಿ, ‘ವರದಿ ಸಿದ್ಧವಾಗುತ್ತಿದೆ’ ಎಂಬ ಪುಟವನ್ನು ಕೂಡಲೇ ಕಳುಹಿಸುವುದು ವಾಡಿಕೆ.

ಅಲ್ಲಿಯವರೆಗೆ ಸರಿ. ತೊಡಕು ಶುರುವಾಗುವುದು, 30 ಸೆಕೆಂಡಿನ ಬಳಿಕ ತಾನಾಗಿಯೇ ವರದಿಯ ಪುಟಕ್ಕೆ ಹೋಗುವಂತೆ ಮೆಟಾ ರಿಫ್ರೆಶ್ (ಪುಟದಲ್ಲೇ ಬರೆದಿಡುವ ಟೈಮರ್) ಹಾಕಿದಾಗ. ಟೈಮರಿಗೆ ಎಷ್ಟು ಹೊತ್ತಾಯಿತೆಂಬುದು ತಿಳಿಯುತ್ತದೆಯೇ ಹೊರತು ಕೆಲಸ ಎಲ್ಲಿಗೆ ಬಂತೆಂಬುದು ತಿಳಿಯುವುದಿಲ್ಲ. ಅದರ ಬದಲು ಸರ್ವರ್ ಮೊದಲಿಗೆ 202 (‘ಕೋರಿಕೆ ಸ್ವೀಕರಿಸಿದೆ, ಕೆಲಸ ಇನ್ನೂ ಮುಗಿದಿಲ್ಲ’) ಎಂಬ ಉತ್ತರದೊಂದಿಗೆ ಕೆಲಸದ ಸಂಖ್ಯೆಯೊಂದನ್ನು ಕೊಡಬೇಕು. ಪುಟವು ಆ ಸಂಖ್ಯೆ ಹಿಡಿದು ಕೆಲವು ಸೆಕೆಂಡುಗಳಿಗೊಮ್ಮೆ ವಿಚಾರಿಸಿ, ‘ಮುಗಿದಿದೆ’ ಎಂಬ ಉತ್ತರ ಬಂದಾಗ ಮಾತ್ರ ಮುಂದೆ ಹೋಗಬೇಕು. ಹಿಂದಿನ ಪ್ರಶ್ನೆಗೆ ಉತ್ತರ ಬಂದ ಮೇಲೆಯೇ ಮುಂದಿನ ಟೈಮರ್ ಇಡುವುದು ಲೇಸು. ಸಿಗ್ನಲ್ ಕ್ಷೀಣವಾಗಿರುವಲ್ಲಿ ಉತ್ತರಕ್ಕೆ ಕಾಯದೆ ನಿಗದಿತ ಅವಧಿಗೊಮ್ಮೆ ಓಡುವ ಸೆಟ್‌ಇಂಟರ್ವಲ್ (setInterval) ಬಳಸಿದರೆ ಪ್ರಶ್ನೆಗಳು ಒಂದರ ಮೇಲೊಂದು ಸೇರಿಕೊಳ್ಳುತ್ತವೆ.

ಮಳೆಗಾಲದಲ್ಲಿ ಕೊಡಗಿನ ಭಾಗಮಂಡಲದ ಕಡೆ ಕರೆಂಟ್ ಹೋದರೆ ಅದರ ಹಿಂದೆಯೇ ಸಿಗ್ನಲ್ಲೂ ಹೋಗುವುದು ಹೊಸತಲ್ಲ. ಆಗ ಕಾಯುವ ಪುಟ ಮುಚ್ಚಿಹೋದರೂ ಕೆಲಸ ನಿಲ್ಲಬಾರದು. ಕೆಲಸದ ಸಂಖ್ಯೆ ಪುಟದ ವಿಳಾಸದಲ್ಲೇ ಇದ್ದು, ಬೆಳೆಗಾರರು ಮರುದಿನ ಅದೇ ವಿಳಾಸವನ್ನು ತೆರೆದಾಗಲೂ ಸ್ಥಿತಿ ಕಾಣಿಸಬೇಕು. ಅವರು ಬಟನ್ನನ್ನು ಇನ್ನೊಮ್ಮೆ ಒತ್ತಿದರೆ ಎರಡನೆಯ ಕೆಲಸ ಶುರುವಾಗದೆ ಮೊದಲನೆಯದೇ ಸಿಗಬೇಕು.

ಹೀಗಾಗಬೇಕಾದರೆ ಸ್ಥಿತಿಯು ಥ್ರೆಡ್‌ನ ಮೆಮೊರಿಯಲ್ಲಲ್ಲ, ಡೇಟಾಬೇಸಿನಲ್ಲಿರಬೇಕು. ಥ್ರೆಡ್ ಸರ್ವರಿನ ಪ್ರಕ್ರಿಯೆಯೊಳಗೇ (ಓಡುತ್ತಿರುವ ಪ್ರೋಗ್ರಾಮಿನೊಳಗೇ) ಬದುಕುವುದರಿಂದ, ಹೊಸ ಆವೃತ್ತಿ ಹಾಕಲು ಪ್ರಕ್ರಿಯೆಯನ್ನು ನಿಲ್ಲಿಸಿದರೆ ಅದೂ ಸತ್ತುಹೋಗುತ್ತದೆ. ಮೈಕ್ರೋಸಾಫ್ಟ್‌ನ ಐಐಎಸ್ (IIS) ವೆಬ್ ಸರ್ವರಂತೂ, ಅವಧಿ ಬದಲಿಸಿರದಿದ್ದರೆ, 20 ನಿಮಿಷ ಯಾವ ಕೋರಿಕೆಯೂ ಬಾರದಾಗ ತಾನಾಗಿಯೇ ಪ್ರಕ್ರಿಯೆಯನ್ನು ಮುಚ್ಚುತ್ತದೆ. ಒಳಗೆ ಥ್ರೆಡ್ ದುಡಿಯುತ್ತಿರುವುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡೇಟಾಬೇಸಿನಲ್ಲಿ ಮಾತ್ರ ‘ನಡೆಯುತ್ತಿದೆ’ ಎಂದೇ ಉಳಿದಿರುತ್ತದೆ. ಆದಕಾರಣ ಥ್ರೆಡ್ ಆಗಾಗ ಅಲ್ಲಿ ಸಮಯವನ್ನು ನಮೂದಿಸುತ್ತಿರಬೇಕು. ನಮೂದು ಹಳತಾದರೆ ಕೆಲಸ ವಿಫಲವಾಯಿತೆಂದು ಪುಟಕ್ಕೆ ಹೇಳಬೇಕು. ರಾತ್ರಿಯಿಡೀ ನಡೆಯುವ ಕೆಲಸಗಳನ್ನು ವೆಬ್ ಸರ್ವರಿನೊಳಗೆ ಇಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅವಕ್ಕೆ ಕ್ಯೂ (ಕೆಲಸಗಳ ಸರದಿ ಸಾಲು) ಮತ್ತು ಪ್ರತ್ಯೇಕ ಪ್ರಕ್ರಿಯೆ ಬೇಕು.

ಬ್ರೌಸರಿನ ಟೈಮರುಗಳನ್ನೂ ಪೂರ್ತಿ ನಂಬುವಂತಿಲ್ಲ. 2021ರಲ್ಲಿ ಬಂದ ಕ್ರೋಮ್ 88ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಕಾಲ ಮರೆಯಲ್ಲಿದ್ದ ಟ್ಯಾಬ್‌ನಲ್ಲಿ ಒಂದರ ಬೆನ್ನಿಗೆ ಒಂದಾಗಿ ಇಟ್ಟ ಟೈಮರುಗಳು ನಿಮಿಷಕ್ಕೊಮ್ಮೆ ಮಾತ್ರ ಓಡಬಹುದು. ಟ್ಯಾಬ್ ಮತ್ತೆ ಎದುರಿಗೆ ಬಂದ ಕ್ಷಣ, ಅದನ್ನು ಪುಟಕ್ಕೆ ತಿಳಿಸುವ ವಿಸಿಬಿಲಿಟಿಚೇಂಜ್ (visibilitychange) ಘಟನೆಯನ್ನು ಹಿಡಿದು, ಸರ್ವರನ್ನು ಒಮ್ಮೆ ಕೇಳಿಬಿಡಬೇಕು.

ವರದಿ ಸಿದ್ಧವಾದಾಗಲೂ, ಬಳಕೆದಾರರು ಅದೇ ಪುಟದಲ್ಲಿ ಬೇರೇನನ್ನಾದರೂ ತುಂಬಿಸುತ್ತಿದ್ದರೆ ಅಥವಾ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಮೂಲಕ ಓದುತ್ತಿದ್ದರೆ, ಪುಟವನ್ನು ತಟ್ಟನೆ ಬದಲಿಸುವುದಕ್ಕಿಂತ ‘ವರದಿ ನೋಡಿ’ ಎಂಬ ಬಟನ್ ತೋರಿಸುವುದೇ ಮೇಲು.