ಆನ್ ಆಗ್ತಿಲ್ಲ ಸರಿ, ಎಲ್ಲಿಯವರೆಗೆ ಆಗ್ತಿದೆ?

ಮೊನ್ನೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಫೋನ್ ಬಂತು. ನಮ್ಮೂರಿನ ನಿವೃತ್ತ ಮೇಷ್ಟ್ರು.

"ಕಂಪ್ಯೂಟರ್ ಹೋಯ್ತು ಮಾರಾಯ. ಆನೇ ಆಗ್ತಿಲ್ಲ."

"ಬಟನ್ ಒತ್ತಿದಾಗ ಫ್ಯಾನ್ ತಿರುಗ್ತದಾ ಮೇಷ್ಟ್ರೇ?"

"ಫ್ಯಾನಾ? ತಿರುಗ್ತದೆ. ಲೈಟೂ ಬರ್ತದೆ. ಸ್ಕ್ರೀನ್ ಮಾತ್ರ ಕಪ್ಪು."

ಹಾಗಾದರೆ ಕಂಪ್ಯೂಟರ್ ಹೋಗಿಲ್ಲ. ಕರೆಂಟ್ ಒಳಗೆ ಬಂದಿದೆ, ಮುಂದಿನ ಕೆಲಸಕ್ಕೆ ಹೋಗುವಾಗ ಎಲ್ಲೋ ನಿಂತಿದೆ. ಮಲೆನಾಡಿನ ಈ ಪೇಟೆಯಲ್ಲಿ 18 ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. "ಆನ್ ಆಗ್ತಿಲ್ಲ" ಅನ್ನುವ ಮಾತು ದಿನಾ ಕೇಳುತ್ತೇನೆ. ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಬಟನ್ ಒತ್ತಿದರೆ ಏನೂ ಆಗದಿರುವುದು ಒಂದು. ಫ್ಯಾನ್ ತಿರುಗಿಯೂ ಡಿಸ್ಪ್ಲೇ ಬರದಿರುವುದು ಇನ್ನೊಂದು. ಕಂಪನಿಯ ಲೋಗೋ ಬಂದು ವಿಂಡೋಸ್ ಬರದಿರುವುದು ಮೂರನೆಯದು. ಎಲ್ಲಿ ನಿಂತಿತು ಅನ್ನುವುದನ್ನು ನೋಡಿದರೆ ಅರ್ಧ ರಿಪೇರಿ ಆದಂತೆ. ಇದನ್ನು ನೋಡದೆ ನೇರವಾಗಿ "ಫಾರ್ಮ್ಯಾಟ್ ಹೊಡೀಬೇಕು" (ಅಂದರೆ ಡಿಸ್ಕನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು) ಅಂದುಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊದಲ ಎರಡು ಕಾಯಿಲೆಗೆ ಫಾರ್ಮ್ಯಾಟ್ ಮದ್ದೇ ಅಲ್ಲ. ಮೂರನೆಯದಕ್ಕೂ ಅದು ಕಟ್ಟಕಡೆಯ ಮದ್ದು.

ಏನೂ ಆಗದಿದ್ದರೆ ಗೋಡೆಯಿಂದ ಶುರು ಮಾಡಿ. ಎಕ್ಸ್‌ಟೆನ್ಷನ್ ಬೋರ್ಡನ್ನೂ ಯುಪಿಎಸ್ಸನ್ನೂ ಪಕ್ಕಕ್ಕಿಟ್ಟು ಕಂಪ್ಯೂಟರಿನ ವೈರನ್ನು ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ. ಯುಪಿಎಸ್ ಬ್ಯಾಟರಿ ಸತ್ತು ಕಂಪ್ಯೂಟರಿಗೆ ಕೆಟ್ಟ ಹೆಸರು ಬಂದ ಮನೆಗಳು ಬಹಳ. ಕ್ಯಾಬಿನೆಟ್ಟಿನ ಹಿಂದೆ ವೈರ್ ಚುಚ್ಚುವ ಜಾಗದಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಧೂಳು ಒರೆಸುವಾಗ ಅದು ಆಫ್ ಆಗಿರಬಹುದು, ನೋಡಿ. ಆಮೇಲೆ ವೈರ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ವೈರ್ ಹಾಕಿ ಆನ್ ಮಾಡಿ. ಒಳಗೆ ಉಳಿದ ಚೂರುಪಾರು ಕರೆಂಟ್ ಖಾಲಿಯಾಗಿ ಮದರ್‌ಬೋರ್ಡ್ ಅನ್ನುವ ಮುಖ್ಯ ಬೋರ್ಡ್ ಹೊಸದಾಗಿ ಶುರುವಾಗುತ್ತದೆ. ಲ್ಯಾಪ್‌ಟಾಪಿಗೂ ಚಾರ್ಜರ್ ಕಿತ್ತು ಹೀಗೇ ಮಾಡಬಹುದು.

ಇಷ್ಟಾದರೂ ಜೀವ ಬರದಿದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟ್‌ಗೆ ಇಳಿಸಿ ಕೊಡುವ ಡಬ್ಬ ಅದು. ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲ ಹೊತ್ತು ಇರುತ್ತದೆ. ಆ ಡಬ್ಬವನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬೇಡಿ. ಅದನ್ನು ಪರೀಕ್ಷೆ ಮಾಡುವುದು, ಬದಲಿಸುವುದು ಅಂಗಡಿಯ ಕೆಲಸ.

ನಮ್ಮ ಕಡೆ ಎಸ್‌ಎಂಪಿಎಸ್ ಜಾಸ್ತಿ ಹೋಗುವುದು ಏಪ್ರಿಲ್, ಮೇ ತಿಂಗಳ ಗುಡುಗಿಗೆ. ಸ್ವಿಚ್ ಆಫ್ ಮಾಡಿದ್ದೆವಲ್ಲ ಅನ್ನುತ್ತಾರೆ. ಸಿಡಿಲಿಗೆ ಸ್ವಿಚ್ಚಿನ ಒಳಗಿರುವ ಸಂದು ಯಾವ ಲೆಕ್ಕ? ಪ್ಲಗ್ಗನ್ನೇ ಕಿತ್ತಿಡಬೇಕು. ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕಿತ್ತಿಡಬೇಕು. ಕರೆಂಟಿನ ವೈರ್ ಕಿತ್ತಿಟ್ಟು ಲ್ಯಾನ್ ವೈರ್ ಬಿಟ್ಟವರ ಮನೆಯಲ್ಲಿ ಬೋರ್ಡೇ ಸುಟ್ಟುಹೋಗಿದ್ದನ್ನು ನೋಡಿದ್ದೇನೆ.

ಇನ್ನು ಮೇಷ್ಟ್ರ ಕಾಯಿಲೆ. ಮೊದಲು ಮಾನಿಟರಿನ ವೈರ್ ಎರಡೂ ತುದಿಯಲ್ಲಿ ಗಟ್ಟಿ ಕೂತಿದೆಯಾ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ವೈರ್ ಆ ಕಾರ್ಡಿಗೇ ಹೋಗಬೇಕು, ಬೋರ್ಡಿನ ಕಿಂಡಿಗೆ ಅಲ್ಲ. ಅದು ಸರಿಯಿದ್ದರೆ ನನ್ನ ಕೈ ನೇರ ಹೋಗುವುದು, ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿ ಹಿಡಿದಿಡುವ ಪಟ್ಟಿಯಾದ ರ‍್ಯಾಮ್ ಕಡೆಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಅದೇ ತೇವ ಕ್ಯಾಬಿನೆಟ್ ಒಳಗೂ ಇರುತ್ತದೆ. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೆಳ್ಳಗೆ ಕೊಳೆ ಕೂರುತ್ತದೆ. ಸ್ಲಾಟಿಗೂ ಹಲ್ಲಿಗೂ ನಡುವೆ ಆ ಕೊಳೆ ಸಾಕು, ಡಿಸ್ಪ್ಲೇ ಬರುವುದಿಲ್ಲ.

ಇದನ್ನು ಮನೆಯಲ್ಲೇ ಮಾಡಬಹುದು, ಅವಸರ ಬೇಡ ಅಷ್ಟೇ. ಮೊದಲು ಪ್ಲಗ್ ಕೀಳಿ. ಕಂಪ್ಯೂಟರ್ ಆಫ್ ಇದ್ದರೂ ಪ್ಲಗ್ ಹಾಕಿರುವವರೆಗೆ ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ, ಆಗ ರ‍್ಯಾಮ್ ಕಿತ್ತರೆ ಕೆಡಬಹುದು. ಪ್ಲಗ್ ಕಿತ್ತು ಪವರ್ ಬಟನ್ ನಾಲ್ಕು ಸಲ ಒತ್ತಿ. ಹಿಂದಿನ ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆಯಿರಿ, ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಲಗಿಸಿ. ಬಣ್ಣ ಬಳಿಯದ ತಗಡನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯುತ್ತದೆ. ರ‍್ಯಾಮ್ ತುದಿಯ ಕ್ಲಿಪ್ಪನ್ನು ಹೊರಗೆ ಒತ್ತಿದರೆ ಪಟ್ಟಿ ತಾನೇ ಮೇಲೇಳುತ್ತದೆ. ಅಂಚು ಹಿಡಿದು ತೆಗೆಯಿರಿ, ಹಲ್ಲು ಮುಟ್ಟಬೇಡಿ.

ಈಗ ಬೇಕಾಗಿದ್ದು ಮಕ್ಕಳ ಜಾಮಿಟ್ರಿ ಬಾಕ್ಸಿನ ಬಿಳಿ ರಬ್ಬರ್. ಪೆನ್ಸಿಲ್ ಅಳಿಸುವ ಹಾಗೆ ಹಲ್ಲಿನ ಮೇಲೆ ಮೆತ್ತಗೆ ಉಜ್ಜಿ, ಎರಡೂ ಕಡೆ. ಮಂಕಾಗಿದ್ದ ಹಳದಿ ಹೊಳೆಯತೊಡಗುತ್ತದೆ, ರಬ್ಬರಿಗೆ ಕಪ್ಪು ಹತ್ತುತ್ತದೆ. ಉದುರಿದ ಪುಡಿಯನ್ನು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಬಾಯಿಂದ ಊದಬೇಡಿ, ಉಸಿರಲ್ಲೂ ನೀರಿದೆ. ಸ್ಯಾಂಡ್ ಪೇಪರ್ ಅಂತೂ ಬೇಡವೇ ಬೇಡ, ಮೇಲಿನ ಲೇಪ ಎದ್ದುಹೋಗುತ್ತದೆ. ಪಟ್ಟಿಯ ನಡುವಿನ ಕಚ್ಚು ಸ್ಲಾಟಿನ ಗುರುತಿಗೆ ಹೊಂದುವಂತೆ ಇಟ್ಟು, ಎರಡೂ ಹೆಬ್ಬೆರಳಿನಲ್ಲಿ ಒತ್ತಿ. ಟಕ್ ಅಂತ ಸದ್ದಾಗಿ ಕ್ಲಿಪ್ ತಾನೇ ಕಚ್ಚಿಕೊಳ್ಳಬೇಕು. ಸದ್ದು ಬರದಿದ್ದರೆ ಸರಿಯಾಗಿ ಕೂತಿಲ್ಲ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಯಾವುದು ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಡಿಡಿಆರ್5 ಅನ್ನುವ ಹೊಸ ಬಗೆಯ ರ‍್ಯಾಮ್ ಇರುವ ಮಷಿನ್‌ಗಳು ರ‍್ಯಾಮ್ ಕಿತ್ತು ಹಾಕಿದ ಮೇಲೆ ಮೊದಲ ಸಲ ಕೆಲವು ನಿಮಿಷ ಕಪ್ಪಾಗೇ ಇರಬಹುದು. ಗಾಬರಿಯಾಗಿ ಆಫ್ ಮಾಡಬೇಡಿ, ಕಾಯಿರಿ.

ಮೇಷ್ಟ್ರ ಮನೆಗೆ ಸಂಜೆ ಹೋಗಿ ನಾನು ಮಾಡಿದ್ದೂ ಇಷ್ಟೇ. ಮಳೆಗಾಲದಲ್ಲಿ ಎರಡು ತಿಂಗಳು ಕಂಪ್ಯೂಟರ್ ಮುಟ್ಟಿರಲಿಲ್ಲವಂತೆ. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಸುಮ್ನೆ ಆನ್ ಮಾಡಿಡಿ ಅಂತ ಹೇಳಿ ಬಂದೆ. ಒಳಗಿನ ಬಿಸಿಗೆ ತೇವ ಆರುತ್ತದೆ.

ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಬ್ಯಾಟರಿ ಕಾಣುತ್ತದಲ್ಲ, ಸಿಆರ್2032, ಅದು ಸತ್ತರೆ ಆನ್ ಮಾಡಿದಾಗೆಲ್ಲ ತಾರೀಕು ಹಿಂದಕ್ಕೆ ಹೋಗಿರುತ್ತದೆ, ಬಯೋಸ್ (ವಿಂಡೋಸಿಗಿಂತ ಮೊದಲು ಏಳುವ, ಬೋರ್ಡಿನದೇ ಸಾಫ್ಟ್‌ವೇರ್) ಸೆಟ್ಟಿಂಗ್ ಕೂಡ ಅಳಿಸಿಹೋಗುತ್ತದೆ. ಮೂರು ವೋಲ್ಟಿನ ಈ ಬಿಲ್ಲೆ ಎಲ್ಲ ಕಡೆ ಸಿಗುತ್ತದೆ. ಆದರೆ ಬದಲಿಸುವ ಮೊದಲು ಕೆಳಗೆ ಬಿಟ್‌ಲಾಕರ್ ಬೀಗದ ಬಗ್ಗೆ ಬರೆದ ಮಾತು ಓದಿ.

ಲೋಗೋ ಬಂದು ವಿಂಡೋಸ್ ಬರುತ್ತಿಲ್ಲ ಅಂದರೆ ಮೊದಲು ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ಕಿತ್ತು ನೋಡಿ. ಪೆನ್‌ಡ್ರೈವಿನಲ್ಲಿ ವಿಂಡೋಸ್ ಹುಡುಕುತ್ತಾ ನಿಂತುಬಿಡುವುದುಂಟು. ಆಮೇಲೆ ಕ್ಯಾಬಿನೆಟ್ಟಿಗೆ ಕಿವಿಕೊಡಿ. ಹಳೇ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ ತಕ್ಷಣ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಬೇಡಿ. ಒಳಗೆ ಓದುವ ಮುಳ್ಳು ದಾರಿ ತಪ್ಪಿದ ಸದ್ದು ಅದು. ಪ್ರತಿ ಸಲ ಆನ್ ಮಾಡಿದಾಗಲೂ ಉಳಿದಿದ್ದು ಇನ್ನಷ್ಟು ಹಾಳಾಗಬಹುದು. ಹಾರ್ಡ್ ಡಿಸ್ಕಿನ ಬದಲು ಈಗ ಬರುವ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಸದ್ದೇ ಮಾಡುವುದಿಲ್ಲ, ಅದಕ್ಕೇ ಅದರ ಮೇಲೆ ಭರವಸೆ ಇಟ್ಟು ಬ್ಯಾಕಪ್ ಇಲ್ಲದೆ ಕೂರಬೇಡಿ.

ಡಿಸ್ಕ್ ಸರಿಯಿದ್ದೂ ವಿಂಡೋಸ್ ಏಳದಿದ್ದರೆ, ಎರಡು ಮೂರು ಸಲ ಸೋತ ಮೇಲೆ ಅದೇ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರ್ ಇದೆ, ಹೊಸ ಅಪ್‌ಡೇಟ್ ತೆಗೆದುಹಾಕುವ ದಾರಿ ಇದೆ, ತೀರಾ ಬೇಕಾದಷ್ಟನ್ನೇ ಹಾಕಿಕೊಂಡು ವಿಂಡೋಸ್ ಏಳುವ ಸೇಫ್ ಮೋಡ್ ಇದೆ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರಿನ ಒಂದು ಅಪ್‌ಡೇಟ್ ಕೆಟ್ಟು ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದಲ್ಲೂ ವಿಮಾನದ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದಕ್ಕೆ ಕೊಟ್ಟ ಪರಿಹಾರ ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದು. ಫಾರ್ಮ್ಯಾಟ್ ಅಲ್ಲ.

ಈಗ ಬ್ಯಾಟರಿ ಬದಲಿಸುವ ಮೊದಲು ಓದಿ ಅಂದಿದ್ದ ಆ ಮಾತು. ಈಚಿನ ವಿಂಡೋಸ್ 11 ಮಷಿನ್‌ಗಳಲ್ಲಿ, ಅದರಲ್ಲೂ ಲ್ಯಾಪ್‌ಟಾಪ್‌ಗಳಲ್ಲಿ, ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗೇ ಬಿದ್ದಿರುವುದುಂಟು. ಬಯೋಸ್ ಸೆಟ್ಟಿಂಗ್ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಆ ಅಕೌಂಟ್ ಯಾವ ಇಮೇಲಿನದು, ಪಾಸ್‌ವರ್ಡ್ ಏನು ಅಂತ ಗೊತ್ತಿಲ್ಲದೆ ಅಳುವ ಮುಖ ಮಾಡಿ ಕೂತವರನ್ನು ನನ್ನ ಅಂಗಡಿಯಲ್ಲೇ ಕಂಡಿದ್ದೇನೆ. ಕೀ ಸಿಗದಿದ್ದರೆ ಒಳಗಿದ್ದದ್ದು ಯಾರಿಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಆ ಕೀಯನ್ನು ಹುಡುಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎರಡು ವರ್ಷದ ಹಿಂದೆ ಒಬ್ಬ ಅಕ್ಕ ಕ್ಯಾಬಿನೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಆಟೋದಲ್ಲಿ ಬಂದರು. ಬೇರೆ ಕಡೆ ಕೊಟ್ಟಿದ್ದರಂತೆ, ಆನ್ ಮಾಡಿ ಕೊಟ್ಟಿದ್ದಾರೆ, ಆದರೆ ಒಳಗೆ ಏನೂ ಇಲ್ಲ. ತೀರಿಹೋದ ಅಪ್ಪನ ಫೋಟೋಗಳು ಅದರಲ್ಲಿದ್ದವು. ಡಿಸ್ಕಿನ ಮೇಲೆ ಹೊಸ ವಿಂಡೋಸ್ ಬರೆದಾಗಿತ್ತು. ಮೂರು ದಿನ ರಿಕವರಿ ಸಾಫ್ಟ್‌ವೇರ್ ಓಡಿಸಿದೆ, ಸಿಕ್ಕಿದ್ದು ಅರ್ಧಂಬರ್ಧ. ಕೆಲವು ಫೋಟೋಗಳ ಮೇಲಿನ ಅರ್ಧ ಮಾತ್ರ ಉಳಿದಿತ್ತು, ಕೆಳಗೆ ಬೂದು ಬಣ್ಣ. "ಡೇಟಾ ಬೇಕಾ ಅಂತ ಅವರು ಕೇಳಲೇ ಇಲ್ಲ ಅಣ್ಣಾ" ಅಂದರು.

ಅಂದಿನಿಂದ ನನ್ನ ಅಂಗಡಿಗೆ ಯಾವ ಮಷಿನ್ ಬಂದರೂ ಮೊದಲ ಪ್ರಶ್ನೆ ಅದೇ. ನೀವು ಯಾರ ಹತ್ತಿರ ಕೊಟ್ಟರೂ ಕೇಳುವವರೆಗೆ ಕಾಯಬೇಡಿ. ಬಟನ್ ಒತ್ತಿದಾಗ ಏನಾಯಿತು, ಎಲ್ಲಿ ನಿಂತಿತು, ಪರದೆ ಮೇಲೆ ಏನು ಬರೆದಿತ್ತು ಅಂತ ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿ. ಒಂದು ಚೀಟಿಯಲ್ಲಿ "ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಅಂತ ದಪ್ಪಗೆ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ, ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ.